ಕದದ ಕೆಳಪಟ್ಟಿ ಮೆತ್ತಗಾಗಿದೆ, ಗಾಜೂ ಬಿರುಕು ಬಿಟ್ಟಿದೆ: ಕಿಟಕಿ ರಿಪೇರಿ ಆಗುತ್ತಾ, ಕಿತ್ತು ಹಾಕಬೇಕಾ?

ಹಳೇಮನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಮರದ ಕಿಟಕಿಗಳಿರುವ ಹಳೆಯ ಮನೆ. ಒಂದು ಕಿಟಕಿ ತೊಂದರೆ ಕೊಡುತ್ತಿದೆ. ಅದಕ್ಕೆ ಎರಡು ಕದ. ಎಡಗಡೆ ಕದದ ಕೆಳಪಟ್ಟಿಯಲ್ಲಿ ಹೋದ ವರ್ಷ ಬಣ್ಣ ಗುಳ್ಳೆ ಎದ್ದಿತ್ತು. ಕೆರೆದು ಮತ್ತೆ ಬಣ್ಣ ಹಚ್ಚಿದೆ. ಈಗ ಅದೇ ಜಾಗದಲ್ಲಿ ಉಗುರು ಒತ್ತಿದರೆ ಒಳಗಿಳಿಯುತ್ತದೆ. ಬಲಗಡೆ ಕದದ ಗಾಜಿನಲ್ಲಿ ಅಂಚಿನಿಂದ ಶುರುವಾದ ಒಂದು ಬಿರುಕಿದೆ. ವಾರ ವಾರಕ್ಕೂ ಸ್ವಲ್ಪ ಬೆಳೆಯುತ್ತಿದೆ.

ನೋಡಲು ಬಂದ ಕೆಲಸದವರು ಎರಡು ನಿಮಿಷ ನಿಂತರು. ಕದ ಮುಟ್ಟಿಯೂ ನೋಡದೆ "ಕಿತ್ತು ಅಲ್ಯೂಮಿನಿಯಂ ಕೂರಿಸೋಣ" ಅಂದರು. ಆದರೆ ಉಳಿದ ಮರವೆಲ್ಲ ಕಲ್ಲಿನ ಹಾಗಿದೆ. ಒಂದು ಗೇಣು ಜಾಗ ಹಾಳಾಗಿದೆ ಅಂತ ಇಡೀ ಕಿಟಕಿ ತೆಗೆಯಲು ನನಗೆ ಮನಸ್ಸಿಲ್ಲ. ಇದನ್ನು ಉಳಿಸಿಕೊಳ್ಳಬಹುದಾ? ಮರಗೆಲಸ ನನಗೆ ಅಷ್ಟಾಗಿ ಬರುವುದಿಲ್ಲ. ತಾಳ್ಮೆ ಇದೆ, ಸಮಯವೂ ಇದೆ.

ಉಳಿ_ಸುತ್ತಿಗೆ

ಉಳಿಸಿಕೊಳ್ಳಬಹುದು. ಆದರೆ ಅದಕ್ಕೆ ಮೊದಲು ಎಷ್ಟು ಹೋಗಿದೆ ಅಂತ ಗೊತ್ತಾಗಬೇಕು. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಬಣ್ಣ ಎಲ್ಲವನ್ನೂ ಮುಚ್ಚಿಡುತ್ತದೆ.

ಒಂದು ದಬ್ಬಳ ಅಥವಾ ಸಣ್ಣ ಸ್ಕ್ರೂಡ್ರೈವರ್ ತಗೊಳ್ಳಿ. ಮೊದಲು ಗಟ್ಟಿ ಇರುವ ಮೇಲಿನ ಪಟ್ಟಿಗೆ ಚುಚ್ಚಿ, ಒಳ್ಳೆಯ ಮರ ಕೈಗೆ ಹೇಗೆ ತಡೆ ಕೊಡುತ್ತದೆ ಅಂತ ತಿಳಿಯುತ್ತದೆ. ಆಮೇಲೆ ಕೆಳಪಟ್ಟಿಗೆ ಎರಡೆರಡು ಬೆರಳಗಲಕ್ಕೆ ಚುಚ್ಚುತ್ತಾ ಹೋಗಿ. ಮೂಲೆಯ ಕೂಡುಗಳನ್ನು ಮರೆಯಬೇಡಿ. ಮೆತ್ತಗಿರುವ ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಇನ್ನೊಂದು ಕೆಲಸ. ಕದ ತೆಗೆದು, ಅದರ ಕೆಳಗಿನ ಅಂಚಿನ ಮೇಲೆ ಬೆರಳು ಆಡಿಸಿ ನೋಡಿ. ಅಲ್ಲಿ ಬಣ್ಣ ಇದೆಯಾ?

ತಾರಸಿಮನೆ

ನಾನು ಇದೇ ಪರಿಸ್ಥಿತಿಯಲ್ಲಿ ಮರದ ಕಿಟಕಿ ತೆಗೆಸಿ ಜಾರುವ ಅಲ್ಯೂಮಿನಿಯಂ ಹಾಕಿಸಿದೆ. ಗೆದ್ದಲಿನ ಕಾಟ ಇಲ್ಲ, ಬಣ್ಣ ಬೇಡ, ಆ ನೆಮ್ಮದಿ ನಿಜ. ಆದರೆ ಜೋರು ಮಳೆ ಬಂದರೆ ಕೆಳಗಿನ ಹಳಿಯಲ್ಲಿ ನೀರು ತುಂಬಿ ಒಳಗೆ ಬರುತ್ತದೆ. ಅಂದರೆ ಬದಲಾಯಿಸಿದರೂ ನೀರಿನ ತಲೆನೋವು ಹೋಗಲಿಲ್ಲ. ಇದಕ್ಕೂ ಯಾರಾದರೂ ದಾರಿ ಹೇಳಿ.

ಹಳೇಮನೆ

ಚುಚ್ಚಿ ನೋಡಿದೆ. ಮೇಲಿನ ಪಟ್ಟಿಯಲ್ಲಿ ದಬ್ಬಳ ಒಂದು ಮಿಲಿಮೀಟರ್ ಇಳಿಯಲೂ ಒದ್ದಾಡಿತು. ಕೆಳಪಟ್ಟಿಯ ಎಡ ಮೂಲೆಯಲ್ಲಿ ಒಂದು ಚೂರೂ ಸದ್ದಿಲ್ಲದೆ ಹಿಡಿಯವರೆಗೆ ಹೋಯಿತು. ಹೊರಗೆ ಎಳೆದಾಗ ತುದಿಗೆ ಒದ್ದೆಯಾದ ಕಂದು ಪುಡಿ ಅಂಟಿತ್ತು, ಕಾಫಿಪುಡಿಯ ಗಸಿಯ ಹಾಗೆ. ಬಣ್ಣದ ಪದರ ಸರಿಸಿದರೆ ಒಳಗಿನ ಮರ ಸಣ್ಣ ಸಣ್ಣ ಚೌಕಗಳಾಗಿ ಒಡೆದುಕೊಂಡಿದೆ. ಎಡ ಮೂಲೆಯಿಂದ ಸುಮಾರು 170 ಮಿ.ಮೀ.ವರೆಗೆ ಹೀಗಿದೆ. ಅಲ್ಲಿಂದ ಆಚೆ ಗಟ್ಟಿ.

ಕೆಳಗಿನ ಅಂಚಿಗೆ ಬೆರಳು ಆಡಿಸಿದೆ. ಬಣ್ಣ ಇಲ್ಲವೇ ಇಲ್ಲ. ಬರೀ ಮರ, ಒರಟಾಗಿ, ತಣ್ಣಗಿದೆ. ಇಷ್ಟು ವರ್ಷ ಯಾರೂ ಅಲ್ಲಿಗೆ ಬ್ರಷ್ ತಾಗಿಸಿಲ್ಲ ಅನ್ನಿಸುತ್ತದೆ.

ಉಳಿ_ಸುತ್ತಿಗೆ

ಅಲ್ಲಿಂದಲೇ ಶುರುವಾಗಿದೆ.

ಚೌಕ ಚೌಕವಾಗಿ ಒಡೆದು ಕಂದು ಪುಡಿ ಆಗಿದ್ದರೆ ಅದು ಅಣಬೆ ಜಾತಿಯ ಬೂಷ್ಟಿನ ಕೆಲಸ, ಗೆದ್ದಲಿನದ್ದಲ್ಲ. ಈ ಬೂಷ್ಟು ಮರಕ್ಕೆ ಬಲ ಕೊಡುವ ನಾರನ್ನು ತಿಂದು, ಕಂದು ಬಣ್ಣದ ಉಳಿಕೆಯನ್ನು ಬಿಟ್ಟುಹೋಗುತ್ತದೆ. ಗೆದ್ದಲಾಗಿದ್ದರೆ ಮಣ್ಣಿನ ಕೊಳವೆ ಕಾಣುತ್ತಿತ್ತು, ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು, ಮೇಲ್ಮೈ ಕಾಗದದ ಹಾಗೆ ತೆಳ್ಳಗೆ ಉಳಿದಿರುತ್ತಿತ್ತು. ಗೆದ್ದಲಾದರೆ ಮೊದಲು ಅದರ ಗೂಡಿನ ದಾರಿಗೆ ಮದ್ದು ಆಗಬೇಕು, ಆಮೇಲೆ ಮರದ ಕೆಲಸ. ನಿಮಗೆ ಆ ಚಿಂತೆ ಇಲ್ಲ.

ಬೂಷ್ಟಿಗೆ ನೀರು ಬೇಕು. ಮರದ ತೇವ ಶೇ 20ಕ್ಕಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ. ಹಾಗಾಗಿ ನಿಮ್ಮ ಮುಂದಿರುವ ಪ್ರಶ್ನೆ "ತೂತನ್ನು ಏನು ಹಾಕಿ ಮುಚ್ಚಲಿ" ಅನ್ನುವುದಲ್ಲ. "ನೀರು ಎಲ್ಲಿಂದ ಬಂತು, ಯಾಕೆ ಅಲ್ಲೇ ನಿಂತಿತು" ಅನ್ನುವುದು. ಇದನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಹೋದ ವರ್ಷ ನೀವು ಕೆರೆದು ಬಣ್ಣ ಹಚ್ಚಿದಿರಿ, ಅಲ್ವಾ? ಆಗ ಒಳಗಿನ ತೇವಕ್ಕೆ ಮೇಲಿಂದ ಮುಚ್ಚಳ ಹಾಕಿದ ಹಾಗಾಯಿತು. ಕೆಳಗಿನಿಂದ ನೀರು ಹೀರುವುದು ಮಾತ್ರ ನಿಲ್ಲಲಿಲ್ಲ.

ಮರದ ಕಿಟಕಿಗೆ ನೀರು ಒಳಗೆ ಹೋಗುವ ಜಾಗಗಳು ಹೆಚ್ಚುಕಡಿಮೆ ಇವೇ. ಕದದ ಕೆಳ ಅಂಚು. ಮೂಲೆಯ ಕೂಡು, ಯಾಕೆಂದರೆ ಅಲ್ಲಿ ನಿಲುಪಟ್ಟಿಯ ಕಡಿದ ತುದಿ ಇರುತ್ತದೆ. ಕಡಿದ ತುದಿ ಪಕ್ಕದ ಮೈಗಿಂತ ಹಲವು ಪಟ್ಟು ಬೇಗ ನೀರು ಕುಡಿಯುತ್ತದೆ. ಆಮೇಲೆ ಗಾಜಿನ ಪುಟ್ಟಿ ಬಿರಿದ ಜಾಗ. ಕೊನೆಗೆ ಕೆಳದಾರಂದ, ಅಂದರೆ ಚೌಕಟ್ಟಿನ ತಳದ ಅಡ್ಡಮರ. ಅದು ಹೊರಗಡೆಗೆ ಇಳಿಜಾರಾಗಿರಬೇಕು, 100 ಮಿ.ಮೀ. ಅಗಲಕ್ಕೆ ಕಡಿಮೆ ಅಂದರೂ 10 ಮಿ.ಮೀ. ಇಳಿಯಬೇಕು. ಗೋಡೆಯಿಂದ ಆಚೆ ಚಾಚಿದ ಭಾಗದ ಅಡಿಯಲ್ಲಿ, ಅಂಚಿನಿಂದ ಸ್ವಲ್ಪ ಒಳಗೆ, ಉದ್ದಕ್ಕೂ ಒಂದು ಗೀರು ಇರಬೇಕು. ಕಿರುಬೆರಳ ಅರ್ಧ ಹೋಗುವಷ್ಟು ಸಾಕು. ಅಂಚಿನಿಂದ ಅಡಿಗೆ ತಿರುಗಿ ಗೋಡೆಯ ಕಡೆ ಹರಿಯಲು ಹೊರಟ ನೀರು ಆ ಗೀರು ದಾಟಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ. ನಿಮ್ಮ ಕಿಟಕಿಯಲ್ಲಿ ಆ ಗೀರು ಇದೆಯಾ ನೋಡಿ.

ಬೆಳಕಿಂಡಿ

ನಮ್ಮಲ್ಲಿ ಹೀಗೇ ಆಗಿತ್ತು. ಬಣ್ಣದವರು ಕೊಳೆತ ಜಾಗಕ್ಕೆ ಗೋಡೆಗೆ ಹಾಕುವ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಹೋದರು. ನೋಡಲು ಚೆನ್ನಾಗಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಪುಟ್ಟಿ ಇಡೀ ತುಂಡಾಗಿ ಕೈಗೆ ಬಂತು. ಹಿಂದೆ ಮರ ಮೊದಲಿಗಿಂತ ಜಾಸ್ತಿ ಕೊಳೆತಿತ್ತು. ಗೋಡೆ ಪುಟ್ಟಿ ಹೊರಗಿನ ಮರಕ್ಕೆ ಬೇಡವೇ ಬೇಡ. ಮರ ಹಿಗ್ಗಿ ಕುಗ್ಗುತ್ತದೆ, ಅದು ಕುಗ್ಗುವುದಿಲ್ಲ.

ಎಪಾಕ್ಸಿ ಫಿಲ್ಲರ್, ಅಂದರೆ ಎರಡು ಭಾಗ ಬೆರೆಸಿ ತುಂಬಿದರೆ ಗಟ್ಟಿಯಾಗುವ ಲೇಪ, ಅದರ ಬಗ್ಗೆ ಏನಂತೀರಿ? ಕೆಲವರು ತುಂಬಾ ಹೊಗಳುತ್ತಾರೆ.

ಉಳಿ_ಸುತ್ತಿಗೆ

ಎಪಾಕ್ಸಿ ಒಳ್ಳೆಯದೇ, ಜಾಗ ನೋಡಿ ಬಳಸಬೇಕು. ಸಣ್ಣ ಗುಂಡಿ, ಅಂಚಿನ ಮುರಿತ, ಹಳೆಯ ಸ್ಕ್ರೂ ತೂತು ಇಂಥವಕ್ಕೆ ಸರಿ. ಕೂಡು ಇರುವ ಮೂಲೆಯಲ್ಲಿ ಒಂದು ಗೇಣು ಮರ ಹೋಗಿದ್ದರೆ ನಾನು ಮರವನ್ನೇ ಕೂರಿಸುತ್ತೇನೆ. ಅಲ್ಲಿ ಕದದ ಭಾರ ಬೀಳುತ್ತದೆ. ಇನ್ನೊಂದು ವಿಷಯ, ಮರ ಚೆನ್ನಾಗಿ ಒಣಗದೆ ಎಪಾಕ್ಸಿ ಹಾಕಿದರೆ ತೇವವನ್ನು ಒಳಗೇ ಕೂಡಿ ಹಾಕಿದಂತೆ. ತೇವ ಅಳೆಯುವ ಮೀಟರ್ ಸಿಕ್ಕರೆ ಶೇ 18ರ ಒಳಗೆ ಬಂದ ಮೇಲೆ ಕೈ ಹಾಕಿ.

ಹಳೇಮನೆಯವರೇ, ನಿಮ್ಮ ಕೆಲಸ ಹೀಗೆ ಮಾಡಿ. ಕದವನ್ನು ಬಿಚ್ಚಿ ಕೆಳಗಿಡಿ. ಎಡಗಡೆ ಕದದ ಗಾಜನ್ನೂ ತೆಗೆಯಬೇಕಾಗಬಹುದು, ಅದನ್ನು ಗಾಜಿನ ಕೆಲಸ ಬಲ್ಲವರು ಹೇಳಲಿ. ಕೊಳೆತದ್ದನ್ನು ಉಳಿಯಿಂದ ತೆಗೆಯುತ್ತಾ ಹೋಗಿ. ಉಳಿಯಿಂದ ಪುಡಿ ಬರುವುದು ನಿಂತು ಸುರುಳಿ ಸುರುಳಿಯಾಗಿ ಸಿಪ್ಪೆ ಬರಲು ಶುರುವಾದರೆ ಒಳ್ಳೆಯ ಮರ ಸಿಕ್ಕಿತು ಅಂತ. ಅಲ್ಲಿಂದ ಇನ್ನೂ ಎರಡು ಬೆರಳಗಲ ಮುಂದಕ್ಕೆ ಕಡಿಯಿರಿ. ಇಲ್ಲಿ ಜಿಪುಣತನ ಬೇಡ.

ಆಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಸೀಳುತ್ತದೆ. ದಿನಗಳು ಹಿಡಿಯಲಿ, ವಾರಗಳೇ ಹಿಡಿಯಲಿ.

ಹೊಸ ತುಂಡು ಅದೇ ಜಾತಿಯ ಮರದ್ದಾದರೆ ಒಳ್ಳೆಯದು. ಎಳೆ ಹಳೆಯದರ ದಿಕ್ಕಿನಲ್ಲೇ ಓಡಬೇಕು. ಕಡಿದ ಮುಖವನ್ನು ನೆಟ್ಟಗೆ ಬಿಡದೆ ಓರೆ ಮಾಡಿ, ಅಂಟು ಹಿಡಿಯಲು ಜಾಗ ಜಾಸ್ತಿ ಸಿಗುತ್ತದೆ. ಅಡ್ಡಕ್ಕೆ ಬರುವ ಕೂಡುಗೆರೆ ಹೊರಗಡೆಗೆ ಇಳಿಜಾರಾಗಿರಲಿ. ಒಳಗಡೆಗೆ ಇಳಿದರೆ ನೀವೇ ನೀರಿಗೆ ಕಾಲುವೆ ತೋಡಿಕೊಟ್ಟ ಹಾಗೆ. ಮಾಮೂಲಿ ಬಿಳಿ ಅಂಟು ಹೊರಗಿನ ಕೆಲಸಕ್ಕೆ ಆಗುವುದಿಲ್ಲ. ಡಿ4 ದರ್ಜೆಯ ನೀರು ತಡೆಯುವ ಅಂಟು ಅಥವಾ ಎಪಾಕ್ಸಿ ಅಂಟು ಹಾಕಿ. ತುಂಡನ್ನು ಒಂದೆರಡು ಮಿ.ಮೀ. ದಪ್ಪವೇ ಇಟ್ಟು, ಅಂಟು ಒಣಗಿದ ಮೇಲೆ ಕೀಸುಳಿಯಿಂದ ಮಟ್ಟ ಮಾಡಿ.

ಬಣ್ಣಕ್ಕೆ ಮುಂಚೆ ಕೆಳ ಅಂಚಿಗೆ, ಕಡಿದ ತುದಿಗಳಿಗೆ ಪ್ರೈಮರ್ ಕುಡಿಸಿ. ಒಂದು ಕೈ ಹೀರಿಕೊಂಡರೆ ಇನ್ನೊಂದು ಕೈ, ಅದೂ ಹೀರಿದರೆ ಮತ್ತೊಂದು.

ಗಾಜುಕೈ

ಗಾಜಿನ ವಿಷಯ ನಾನು ಹೇಳುತ್ತೇನೆ.

ಮೊದಲು ಬಿರುಕಿನ ಕಾರಣ. ಅಂಚಿಗೆ ನೇರ ಲಂಬವಾಗಿ ಹೊರಟು ಆಮೇಲೆ ಬಾಗುತ್ತಾ ಹೋಗಿದ್ದರೆ ಅದು ಸಾಮಾನ್ಯವಾಗಿ ಬಿಸಿಲಿನ ಒತ್ತಡ. ಗಾಜಿನ ನಡುಭಾಗ ಕಾದು ಹಿಗ್ಗುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ತಣ್ಣಗೇ ಇರುತ್ತದೆ. ಒಂದು ಬಿಂದುವಿನಿಂದ ನಕ್ಷತ್ರದ ಹಾಗೆ ಹರಡಿದ್ದರೆ ಏನೋ ಬಡಿದಿದೆ. ಮೂಲೆಯಿಂದ ಓರೆಯಾಗಿ ಬಂದಿದ್ದರೆ ಕದ ತಿರುಚಿದೆಯಾ, ಮೊಳೆ ಗಾಜಿಗೆ ಒತ್ತುತ್ತಿದೆಯಾ ನೋಡಬೇಕು. ಕಾರಣ ಬಿಟ್ಟು ಗಾಜು ಮಾತ್ರ ಬದಲಿಸಿದರೆ ಹೊಸದೂ ಬಿರಿಯುತ್ತದೆ.

ತೆಗೆಯುವಾಗ ದಪ್ಪ ಕೈಗವಸು, ಕಣ್ಣಿಗೆ ಕನ್ನಡಕ, ಕಾಲಿಗೆ ಶೂ ಇರಲಿ. ಗಾಜಿನ ಎರಡೂ ಕಡೆ ಅಗಲದ ಟೇಪನ್ನು ಅಡ್ಡಡ್ಡ ಅಂಟಿಸಿ. ಚೂರುಗಳನ್ನು ಮೇಲಿನಿಂದ ತೆಗೆಯುತ್ತಾ ಬನ್ನಿ. ಕೆಳಗಿನದನ್ನು ಮೊದಲು ಎಳೆದರೆ ಮೇಲಿನ ಚೂರು ಕತ್ತಿಯ ಹಾಗೆ ಜಾರಿ ಕೈ ಮೇಲೆ ಬೀಳುತ್ತದೆ. ಇದು ಮಾತ್ರ ದಯವಿಟ್ಟು ನೆನಪಿಡಿ.

ಅಳತೆ: ಗಾಜು ಕೂರುವ ಮೆಟ್ಟನ್ನು ಮೂರು ಕಡೆ ಅಳೆಯಿರಿ, ಹಳೆಯ ಕದ ಚೌಕವಾಗಿ ಇರುವುದು ಅಪರೂಪ. ಅತಿ ಕಡಿಮೆ ಬಂದ ಅಳತೆಯಿಂದ 3 ಮಿ.ಮೀ. ಕಳೆದು ಗಾಜು ಕತ್ತರಿಸಿಸಿ. ಸುತ್ತ ಒಂದೂವರೆ ಮಿ.ಮೀ. ಜಾಗ ಬೇಕೇ ಬೇಕು. ಭಾರದ ಲೆಕ್ಕ ಸುಲಭ: 1 ಮಿ.ಮೀ. ದಪ್ಪದ ಗಾಜು ಒಂದು ಚದರ ಮೀಟರಿಗೆ 2.5 ಕಿಲೋ. ಅಂದರೆ 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕಿಲೋ. 3 ಇದ್ದ ಕಡೆ 5 ಹಾಕಿಸುವ ಮುಂಚೆ ಬಿಜಾಗರಿ ಆ ಭಾರ ತಡೆಯುತ್ತಾ ಯೋಚಿಸಿ. ಟಫನ್ಡ್ ಗಾಜು ಬೇಕಿದ್ದರೆ ಅಳತೆ ಪಕ್ಕಾ ಇರಲಿ. ಅದನ್ನು 600 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾಯಿಸಿ ಒಮ್ಮೆಲೇ ತಣ್ಣಗೆ ಮಾಡಿರುತ್ತಾರೆ. ಆಮೇಲೆ ಕತ್ತರಿಸಲು ಹೋದರೆ ಇಡೀ ಗಾಜು ಸಕ್ಕರೆ ಹರಳಿನ ಹಾಗೆ ಪುಡಿಯಾಗುತ್ತದೆ.

ಗಾಜಿನ ಪುಟ್ಟಿ ಅಂದರೆ ಅಗಸೆ ಎಣ್ಣೆ ಮತ್ತು ಸೀಮೆಸುಣ್ಣದ ಪುಡಿ, ಅಷ್ಟೇ. ಒಂದು ನಿಂಬೆಹಣ್ಣಿನಷ್ಟು ತಗೊಂಡು ಅಂಗೈಯಲ್ಲಿ ನಾದಿ. ಶುರುವಿನಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಕೈ ಬಿಸಿಗೆ ಎರಡು ಮೂರು ನಿಮಿಷದಲ್ಲಿ ಮೆತ್ತಗಾಗಿ, ಎಳೆದರೆ ಹರಿಯದೆ ಬಾಗುತ್ತದೆ. ಅಂಗೈಗೆ ಅಂಟುತ್ತಿದ್ದರೆ ಇನ್ನೊಂದು ಚೂರು ಸೀಮೆಸುಣ್ಣದ ಪುಡಿ ಸೇರಿಸಿ. ಕಿರುಬೆರಳ ದಪ್ಪದ ಹುರಿ ಮಾಡಿ ಮೆಟ್ಟಿನ ಉದ್ದಕ್ಕೂ ಒತ್ತಿ, ಅದರ ಮೇಲೆ ಗಾಜು ಇಟ್ಟು ಅಂಚುಗಳನ್ನು ಮಾತ್ರ ಒತ್ತಿ. ನಡುವೆ ಕೈ ಹಾಕಬೇಡಿ. ಗಾಜಿನ ಹಿಂದೆ ಒಂದೆರಡು ಮಿ.ಮೀ. ಪುಟ್ಟಿ ಉಳಿಯಬೇಕು. 150ರಿಂದ 200 ಮಿ.ಮೀ.ಗೆ ಒಂದರಂತೆ ಸಣ್ಣ ಮೊಳೆ ಹೊಡೆದು, ಹೊರಗಿನ ಪುಟ್ಟಿಯನ್ನು ಚಾಕುವಿನಿಂದ ಓರೆಯಾಗಿ ಎಳೆಯಿರಿ.

ಪುಟ್ಟಿಗೆ ಮುಂಚೆ ಬರೀ ಮರಕ್ಕೆ ಪ್ರೈಮರ್ ಹಚ್ಚಲೇಬೇಕು. ಇಲ್ಲದಿದ್ದರೆ ಒಣ ಮರ ಪುಟ್ಟಿಯ ಎಣ್ಣೆಯನ್ನು ಕುಡಿದುಬಿಡುತ್ತದೆ, ಪುಟ್ಟಿ ಉದುರುತ್ತದೆ. ಬಣ್ಣಕ್ಕೆ ಒಂದೆರಡು ವಾರ ಕಾಯಿರಿ, ಮೇಲೆ ಕೆನೆ ಕಟ್ಟಿರಬೇಕು. ಬಣ್ಣ ಪುಟ್ಟಿ ದಾಟಿ ಗಾಜಿನ ಮೇಲೆ 2 ಮಿ.ಮೀ. ಬರಲಿ. ನೀರನ್ನು ತಡೆಯುವುದೇ ಆ ಎರಡು ಮಿಲಿಮೀಟರ್.

ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಆ ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಶಾಖ ಹೊರಹೋಗದೆ ಬಟ್ಟೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳುತ್ತದೆ, ಕಡ್ಡಿ ಗೀರಬೇಕಾಗಿಲ್ಲ. ಬಯಲಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.

ಹಳೇಮನೆ

ಬಟ್ಟೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ತುಂಬಾ ಉಪಕಾರವಾಯಿತು. ಎಡಗಡೆ ಗಾಜು ಸ್ವಲ್ಪ ಅಲೆ ಅಲೆಯಾಗಿದೆ, ಆಚೆಗಿನ ಗಿಡ ನೀರಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಗಾಜು ವರ್ಷಗಟ್ಟಲೆ ಕೆಳಕ್ಕೆ ಇಳಿಯುತ್ತದೆ, ಅದಕ್ಕೇ ಹೀಗೆ ಅಂತ ಕೇಳಿದ್ದೆ. ನಿಜವಾ?

ಗಾಜುಕೈ

ಇಲ್ಲ, ಗಾಜು ಹಾಗೆ ಹರಿಯುವುದಿಲ್ಲ. ಹಳೆಯ ಕಾಲದಲ್ಲಿ ಗಾಜನ್ನು ಊದಿ, ಸಿಲಿಂಡರ್ ಮಾಡಿ, ಸೀಳಿ ಚಪ್ಪಟೆ ಮಾಡುತ್ತಿದ್ದರು. ಆಮೇಲೆ ಕುಲುಮೆಯಿಂದ ಹಾಳೆಯಾಗಿ ಮೇಲಕ್ಕೆ ಎಳೆಯುವ ಕ್ರಮ ಬಂತು. ಅಲೆ ಆಗಿನದು. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಮಟ್ಟ ಮಾಡುವ ಫ್ಲೋಟ್ ವಿಧಾನವನ್ನು ಬ್ರಿಟನ್ನಿನ ಅಲಸ್ಟೇರ್ ಪಿಲ್ಕಿಂಗ್ಟನ್ ತಂಡ ರೂಪಿಸಿತು. ಅದು ಹೊರಜಗತ್ತಿಗೆ ಗೊತ್ತಾಗಿದ್ದು 1959ರಲ್ಲಿ. ಈಗಿನ ಕಿಟಕಿ ಗಾಜು ಹೆಚ್ಚುಕಡಿಮೆ ಎಲ್ಲ ಅದೇ. ನಿಮ್ಮ ಅಲೆ ಗಾಜು ಮತ್ತೆ ಸಿಗುವುದು ಕಷ್ಟ. ದಯವಿಟ್ಟು ಅದನ್ನು ಒಡೆಯದೆ ತೆಗೆಯಿರಿ.

ಬೆಳಕಿಂಡಿ

ಹಳೆಯ ಪುಟ್ಟಿ, ಬಣ್ಣ ತೆಗೆಯುವ ಮುಂಚೆ ಒಂದು ಮಾತು. ಹಳೆಯ ಮನೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಹಾಗೇ ಉಜ್ಜಬೇಡಿ, ಆ ಧೂಳು ಮನೆಯೆಲ್ಲ ಹರಡುತ್ತದೆ. ನೀರು ಚಿಮುಕಿಸಿ ಕೆರೆಯಿರಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಬಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿ ಹಾಕಿ. ಬಟ್ಟೆ ಮಾಸ್ಕ್ ಸಾಕಾಗುವುದಿಲ್ಲ, ಧೂಳು ಸೋಸುವ ಸರಿಯಾದ ಮಾಸ್ಕ್ ಬೇಕು. ಮಕ್ಕಳು, ಗರ್ಭಿಣಿಯರು ಆ ಕಡೆ ಬರಬಾರದು. ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಮಗು ಚಿಕ್ಕದಿದ್ದಾಗ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಅದಕ್ಕೇ ಕಂಡಲ್ಲೆಲ್ಲ ಹೇಳುತ್ತೇನೆ.

ಉಳಿ_ಸುತ್ತಿಗೆ

ಒಳ್ಳೆಯ ಮಾತು ಹೇಳಿದಿರಿ. ಬಿಸಿಗಾಳಿ ಗನ್ನಿನಿಂದ ಪುಟ್ಟಿ ಬೇಗ ಮೆತ್ತಗಾಗುತ್ತದೆ ನಿಜ. ಆದರೆ ಸೀಸದ ಬಣ್ಣ ಇದ್ದರೆ ಜೋರು ಬಿಸಿ ಬೇಡ, ಹೊಗೆಯೂ ವಿಷವೇ. ಗಾಜಿಗೂ ಅಪಾಯ. ನಾನಾದರೆ ಹಳೆಯ ಪುಟ್ಟಿಗೆ ಅಗಸೆ ಎಣ್ಣೆ ಹಚ್ಚಿ ಒಂದೆರಡು ದಿನ ಬಿಟ್ಟು, ನಿಧಾನವಾಗಿ ಚಾಕುವಿನಲ್ಲಿ ಬಿಡಿಸುತ್ತೇನೆ.

ತಾರಸಿಮನೆಯವರೇ, ನಿಮ್ಮ ಪ್ರಶ್ನೆ ಮರೆತಿಲ್ಲ. ಕೆಳಗಿನ ಹಳಿಯ ಹೊರಮುಖದಲ್ಲಿ ಸಣ್ಣ ಸೀಳಿನಂಥ ತೂತುಗಳಿರಬೇಕು. ನೀರು ಹೊರಹೋಗುವ ದಾರಿ ಅದೇ. ಇವೆಯಾ? ತೆರೆದಿವೆಯಾ? ಒಂದು ಲೋಟ ನೀರು ಹಳಿಗೆ ಸುರಿದು ನೋಡಿ.

ತಾರಸಿಮನೆ

ಸುರಿದೆ. ನಿಂತಲ್ಲೇ ನಿಂತಿತು. ಹುಡುಕಿದರೆ ಎರಡು ತೂತು ಸಿಕ್ಕವು, ಎರಡರ ಮೇಲೂ ಸಿಲಿಕೋನ್ ಬಳಿದಿದ್ದಾರೆ! ಸೋರುತ್ತೆ ಅಂತ ಕೂಗಿದಾಗಲೆಲ್ಲ ಬಂದು ಇನ್ನೊಂದು ಪದರ ಬಳಿದು ಹೋಗುತ್ತಿದ್ದರು. ಬ್ಲೇಡಿನಲ್ಲಿ ಕತ್ತರಿಸಿ, ತಂತಿ ಹಾಕಿ ಕೆದಕಿದೆ. ಕಪ್ಪು ಕೆಸರು ಬಂತು. ಆಮೇಲೆ ಸುರಿದ ಲೋಟ ನೀರು ಹತ್ತೇ ಸೆಕೆಂಡಿನಲ್ಲಿ ಹೊರಗೆ ಹೋಯಿತು. ಇಷ್ಟು ದಿನ ಸುಮ್ನೆ ಒದ್ದಾಡಿದೆವು.

ಗಾಜುಕೈ

ತುಂಬಾ ಖುಷಿಯಾಯಿತು. ಕಿಟಕಿಗೆ ನೀರು ಬರದಂತೆ ಮಾಡುವುದು ಅರ್ಧ ಕೆಲಸ, ಬಂದ ನೀರಿಗೆ ಹೊರದಾರಿ ಬಿಡುವುದು ಇನ್ನರ್ಧ.

ಇನ್ನು ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದು ನೋಡಿ. ಅಲ್ಲಿಯ ಹಳೆಯ ಸಿಲಿಕೋನ್ ಬಿಟ್ಟಿದ್ದರೆ ಪೂರ್ತಿ ಕೆರೆದು ತೆಗೆಯಿರಿ. ಹಳೆಯದರ ಮೇಲೆ ಹೊಸ ಸಿಲಿಕೋನ್ ಹಿಡಿಯುವುದಿಲ್ಲ. ವಿನಿಗರ್ ವಾಸನೆ ಬರುವ ಸಿಲಿಕೋನ್ ಗೋಡೆಯ ಸಿಮೆಂಟಿಗೆ, ಲೋಹಕ್ಕೆ ಸರಿಹೋಗುವುದಿಲ್ಲ. ಡಬ್ಬಿ ಮೇಲೆ ನ್ಯೂಟ್ರಲ್ ಅಂತ ಇರುವುದನ್ನು ತಗೊಳ್ಳಿ. ಸಂದು ಆಳ ಇದ್ದರೆ ಮೊದಲು ಫೋಮ್ ಹುರಿ ತುರುಕಿ. ಆಗ ಸಿಲಿಕೋನ್ ಎರಡು ಬದಿಗೆ ಮಾತ್ರ ಅಂಟಿ, ನಡುವೆ ರಬ್ಬರಿನ ಹಾಗೆ ಎಳೆದಾಡಲು ಆಗುತ್ತದೆ. ಹಿಂದೆಯೂ ಅಂಟಿದರೆ ಹರಿಯುತ್ತದೆ. ಎಳೆದಾಟ ಸಣ್ಣದಲ್ಲ: 2 ಮೀಟರ್ ಅಲ್ಯೂಮಿನಿಯಂ ಪಟ್ಟಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 2 ಮಿ.ಮೀ. ಉದ್ದವಾಗುತ್ತದೆ. ಪಿವಿಸಿ ಅದರ ಎರಡು ಮೂರು ಪಟ್ಟು.

ಜಾರುವ ಹಳಿಗೆ ಗ್ರೀಸ್ ಹಾಕಬೇಡಿ, ಧೂಳು ಅಂಟಿ ಗಾಲಿ ಸವೆಯುತ್ತದೆ. ಗುಡಿಸಿ, ಒರೆಸಿ, ಒಣ ಸಿಲಿಕೋನ್ ಸ್ಪ್ರೇ ಸ್ವಲ್ಪ ಸಾಕು.

ಹೊಸಚಾವಡಿ

ಮಧ್ಯೆ ಬಂದೆ, ಕ್ಷಮಿಸಿ. ನಮ್ಮದು ಎರಡು ಪದರದ ಗಾಜು. ಎರಡರ ನಡುವೆ ಮಂಜು ಕಟ್ಟುತ್ತದೆ. ಒಳಗೂ ಹೊರಗೂ ಒರೆಸಿದರೂ ಹೋಗುವುದಿಲ್ಲ. ತೂತು ಕೊರೆದು ಒಣಗಿಸಿ ಕೊಡುತ್ತೇವೆ ಅನ್ನುವವರಿದ್ದಾರೆ.

ಗಾಜುಕೈ

ಅಂಚಿನ ಸೀಲ್ ಹೋಗಿದೆ. ಎರಡು ಗಾಜಿನ ನಡುವಿನ ಪಟ್ಟಿಯೊಳಗೆ ತೇವ ಹೀರುವ ಹರಳುಗಳಿರುತ್ತವೆ, ಅವೂ ತುಂಬಿಕೊಂಡಿವೆ. ಕೊರೆದು ಒಣಗಿಸಿದರೂ ಸೀಲ್ ಮತ್ತೆ ಬರುವುದಿಲ್ಲ. ಶಾಖ ತಡೆಯುವ ಗುಣ ಆಗಲೇ ಕಡಿಮೆಯಾಗಿರುತ್ತದೆ. ಒಳ್ಳೆಯ ಸುದ್ದಿ ಏನಂದರೆ ಚೌಕಟ್ಟು ಬದಲಿಸಬೇಕಿಲ್ಲ. ಗಾಜಿನ ಜೋಡಿಯನ್ನು ಮಾತ್ರ ಅದೇ ಅಳತೆ, ಅದೇ ಒಟ್ಟು ದಪ್ಪದಲ್ಲಿ ಮಾಡಿಸಿ ಕೂರಿಸಬಹುದು. ಕೂರಿಸುವಾಗ ಕೆಳಗಿನ ತೂತುಗಳು ತೆರೆದಿವೆಯಾ ನೋಡಿ, ನೀರಿನಲ್ಲಿ ನಿಂತ ಸೀಲ್ ಬೇಗ ಸಾಯುತ್ತದೆ. ಅಗಸೆ ಎಣ್ಣೆಯ ಪುಟ್ಟಿಯನ್ನು ಈ ಗಾಜಿಗೆ ಬಳಸಬಾರದು, ಅದರ ಎಣ್ಣೆ ಸೀಲನ್ನು ಕೆಡಿಸುತ್ತದೆ.

ಕಂಬಿಸರಳು

ನಮ್ಮ ಕಿಟಕಿಯ ಕಬ್ಬಿಣದ ಸರಳು ಕೆಳದಾರಂದಕ್ಕೆ ಇಳಿಯುವ ಕಡೆಯೆಲ್ಲ ಮರ ಸೀಳಿದೆ. ಪ್ರತಿ ಸರಳಿನ ಬುಡದಲ್ಲೂ ಒಂದೊಂದು ಸೀಳು. ಕೊಳೆತಿಲ್ಲ.

ಉಳಿ_ಸುತ್ತಿಗೆ

ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಡುತ್ತದೆ. ತೂತಿನೊಳಗೆ ಊದಿಕೊಂಡು ಮರವನ್ನು ಬೆಣೆಯ ಹಾಗೆ ಸೀಳುತ್ತದೆ. ಸರಳಿನ ಬುಡವನ್ನು ತಂತಿ ಬ್ರಷ್‌ನಲ್ಲಿ ಹೊಳೆಯುವವರೆಗೆ ಉಜ್ಜಿ, ಅದೇ ದಿನ ತುಕ್ಕು ತಡೆಯುವ ಜಿಂಕ್ ಫಾಸ್ಫೇಟ್ ಪ್ರೈಮರ್ ಹಚ್ಚಿ. ಬುಡದ ಸುತ್ತ ಬಟ್ಟಲಿನಂತೆ ತಗ್ಗಾಗಿದ್ದರೆ ನೀರು ಅಲ್ಲೇ ನಿಲ್ಲುತ್ತದೆ. ಎಪಾಕ್ಸಿಯಿಂದ ತುಂಬಿ, ಸರಳಿನ ಕಡೆ ಎತ್ತರ, ಹೊರಗೆ ಇಳಿಜಾರು ಮಾಡಿ. ಎಪಾಕ್ಸಿ ಸರಿಯಾದ ಜಾಗ ಅಂದರೆ ಇದು.

ಬೆಳಕಿಂಡಿ

ಮಳೆಗಾಲದಲ್ಲಿ ಕದ ಬಿಗಿಯಾಗಿ ಕೂರುತ್ತದೆ ಅಂತ ಕೀಸಿಬಿಡಲಾ?

ಉಳಿ_ಸುತ್ತಿಗೆ

ಈಗ ಬೇಡ. ಒಣಗಾಲ ಬಂದಾಗ ಬೆರಳು ಹೋಗುವಷ್ಟು ಸಂದಿ ಬೀಳುತ್ತದೆ. ಮೊದಲು ಬಿಜಾಗರಿಯ ಸ್ಕ್ರೂ ಸಡಿಲವಾಗಿ ಕದ ಇಳಿದಿದೆಯಾ ನೋಡಿ, ಅರ್ಧಕ್ಕರ್ಧ ಸಲ ಅದೇ ಆಗಿರುತ್ತದೆ. ಸ್ಕ್ರೂ ತೂತಿಗೆ ಅಂಟು ಹಚ್ಚಿದ ಮರದ ಕಡ್ಡಿ ಬಿಗಿಯಾಗಿ ಬಡಿದು, ಒಣಗಿದ ಮೇಲೆ ಕತ್ತರಿಸಿ, ಮತ್ತೆ ಸ್ಕ್ರೂ ಹಾಕಿ. ಆಮೇಲೂ ತಾಗಿದರೆ ಅಂಚಿಗೆ ಸೀಮೆಸುಣ್ಣ ಬಳಿದು ಕದ ಹಾಕಿ ತೆಗೆಯಿರಿ. ಸುಣ್ಣ ಅಳಿಸಿದ ಕಡೆ ಮಾತ್ರ, ಒಣಗಾಲದಲ್ಲಿ ಕೀಸಿ. ಕೀಸಿದ ಬರೀ ಮರಕ್ಕೆ ಅವತ್ತೇ ಬಣ್ಣ.

ಹಳೇಮನೆ

ಐದು ವಾರದ ನಂತರ ಬರೆಯುತ್ತಿದ್ದೇನೆ. ಎರಡೂ ಕದ ಮತ್ತೆ ಜಾಗಕ್ಕೆ ಕೂತಿವೆ!

ಕಡಿಯುತ್ತಾ ಹೋದಾಗ ಕೊಳೆತ 170 ಅಲ್ಲ, 210 ಮಿ.ಮೀ.ವರೆಗೆ ಇತ್ತು. ಮೂಲೆಯ ಕೂಡಿನೊಳಗೂ ಹೊಕ್ಕಿತ್ತು. ಪುಡಿ ನಿಂತು ಮೊದಲ ಸುರುಳಿ ಬಂದಾಗ ಮರದ ವಾಸನೆ ಬಂತು, ನಿನ್ನೆ ಕೊಯ್ದ ಹಾಗೆ. ಮೂರು ವಾರ ನೆರಳಲ್ಲಿ ಒಣಗಿಸಿದೆ. ಹೊಸ ತುಂಡನ್ನು ಮೊದಲ ಸಲ ಕತ್ತರಿಸಿದಾಗ ಓರೆ ಉಲ್ಟಾ ಆಯಿತು, ಕೂಡುಗೆರೆ ಒಳಕ್ಕೆ ಇಳಿಯುತ್ತಿತ್ತು. ಎಸೆದು ಇನ್ನೊಂದು ಮಾಡಿದೆ. ಅಲೆ ಗಾಜು ಒಡೆಯದೆ ಬಂತು, ಮತ್ತೆ ಅಲ್ಲೇ ಕೂತಿದೆ. ಪುಟ್ಟಿ ಮೇಲೆ ಇನ್ನೂ ಬಣ್ಣ ಹಚ್ಚಿಲ್ಲ, ಕೆನೆ ಕಟ್ಟಲಿ ಅಂತ ಕಾಯುತ್ತಿದ್ದೇನೆ.

ಇನ್ನು ಆ ಗೀರು. ಕೆಳದಾರಂದದ ಅಡಿಯಲ್ಲಿ ಕೈಯಾಡಿಸಿದರೆ ನುಣ್ಣಗಿತ್ತು, ಇಲ್ಲವೇ ಇಲ್ಲ ಅಂದುಕೊಂಡೆ. ಟಾರ್ಚ್ ಹಿಡಿದು ಮಲಗಿ ನೋಡಿದರೆ ಒಂದು ತೆಳು ಗೆರೆ ಕಂಡಿತು. ದಬ್ಬಳದಿಂದ ಕೆದಕಿದೆ. ಬಣ್ಣ, ಅದರೊಳಗೆ ಇನ್ನೊಂದು ಬಣ್ಣ, ಅದರೊಳಗೆ ಗೋಡೆಗೆ ಗಿಲಾವು ಮಾಡುವಾಗ ತುಂಬಿದ ಸಿಮೆಂಟು. ಕಿಟಕಿ ಮಾಡಿದವರು ಗೀರು ತೋಡಿಯೇ ಇದ್ದರು. ನಾವು ಮುಚ್ಚಿದ್ದೆವು. ಒಂದು ಮಧ್ಯಾಹ್ನ ಪೂರ್ತಿ ಕೂತು ತುದಿಯಿಂದ ತುದಿಗೆ ಬಿಡಿಸಿದೆ.

ಮೊನ್ನೆ ಮಳೆ ಬಂತು. ಕಿಟಕಿಯಿಂದ ಕೈ ಹೊರಗೆ ಚಾಚಿ ಅಡಿಭಾಗ ಮುಟ್ಟಿ ನೋಡಿದೆ. ಗೀರಿನ ಆಚೆ ಒದ್ದೆ, ಗೀರಿನ ಈಚೆ ಒಣಗಿದೆ. ಹನಿಗಳು ಸಾಲಾಗಿ ಅಲ್ಲಿಂದಲೇ ಬೀಳುತ್ತಿದ್ದವು.

ಇನ್ನೂ ಏಳು ಕಿಟಕಿ ಇವೆ. ಗೀರು ಮತ್ತೆ ಮುಚ್ಚದ ಹಾಗೆ ಅದರೊಳಗೆ ಬಣ್ಣ ಹಚ್ಚುವುದು ಹೇಗೆ?

ಉಳಿ_ಸುತ್ತಿಗೆ

ಓದಿ ಕಣ್ಣು ತುಂಬಿ ಬಂತು. ಬಣ್ಣವನ್ನು ಸ್ವಲ್ಪ ತೆಳ್ಳಗೆ ಮಾಡಿ, ಚಿತ್ರ ಬಿಡಿಸುವ ಸಣ್ಣ ದುಂಡು ಬ್ರಷ್‌ನಲ್ಲಿ ಒಂದೇ ಎಳೆತ ಎಳೆಯಿರಿ. ಒಣಗುವ ಮುಂಚೆ ಒಂದು ದಾರವನ್ನು ಗೀರಿನಲ್ಲಿ ಈ ತುದಿಯಿಂದ ಆ ತುದಿಗೆ ಎಳೆದರೆ ಜಾಸ್ತಿಯಾದ ಬಣ್ಣ ಬಂದುಬಿಡುತ್ತದೆ. ಉಳಿದ ಏಳರಲ್ಲೂ ಕದ ಬಿಚ್ಚುವ ಮುಂಚೆ ಕೆಳ ಅಂಚು ಮುಟ್ಟಿ ನೋಡಿ. ಬರೀ ಮರ ಇದ್ದು ಇನ್ನೂ ಗಟ್ಟಿ ಇದ್ದರೆ, ಒಣಗಿದ ದಿನ ನೋಡಿಕೊಂಡು ಪ್ರೈಮರ್ ಹಚ್ಚಿಬಿಡಿ, ಅವಕ್ಕೆ ಉಳಿ ಬೇಕಾಗುವುದಿಲ್ಲ.